ಐದು ದೇಶ, ಐದು ಅಳತೆ

ಗೋಂದಕ್ಕನ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಣಗಿದ ಅಂಟಿನ ಬಿಳಿ ಗೆರೆಯೊಂದು ಯಾವಾಗಲೂ ಇರುತ್ತದೆ. ಎಷ್ಟು ಉಜ್ಜಿ ತೊಳೆದರೂ ಹೋಗುವುದಿಲ್ಲ. ದಾಖಲೆಗಳ ಕಚೇರಿಯ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷದಿಂದ ಪುಸ್ತಕ ಕಟ್ಟುತ್ತಿರುವ ಕೈ ಅದು. ಕಚೇರಿಯವರು ಇಟ್ಟ ಹೆಸರು ಮನೆಗೂ ಬಂತು, ಬೀದಿಗೂ ಬಂತು. ಈಗ ಹಾಲಿನವನೂ ಗೋಂದಕ್ಕ ಎಂದೇ ಕರೆಯುತ್ತಾನೆ. ಅವಳು ಬೇಸರ ಮಾಡಿಕೊಂಡಿಲ್ಲ. "ಬಿಟ್ಟು ಹೋಗೋ ವಸ್ತುಗಳೇ ಜಾಸ್ತಿ ಇರುವಾಗ, ಅಂಟಿಕೊಳ್ಳೋದು ಒಂದು ಇರ್ಲಿ ಬಿಡು" ಎನ್ನುತ್ತಾಳೆ.

ಅವಳ ಮನೆ ಇರುವ ಕಟ್ಟಡದಲ್ಲೇ ನಾನು ಮೇಲಿನ ಮನೆಯವಳು. ಸಂಜೆ ಅವಳು ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕಳಚುತ್ತಾಳೆ. ನಾನು ಎರಡು ಲೋಟ ಚಹಾ ತರುತ್ತೇನೆ. ಹದಿನಾಲ್ಕು ವರ್ಷದಿಂದ ಇದು ನಡೆದು ಬಂದಿದೆ. ಮಾತು ಅವಳದು, ಕಿವಿ ನನ್ನದು. ಓದು ಬರಹ ನನಗೆ ತಡವಾಗಿ ಬಂತು. ಕಟ್ಟುವಾಗ ಹಾಳೆ ಹರಿದು ಕಚೇರಿಗೆ ಬೇಡವಾದ ಪುಸ್ತಕಗಳನ್ನು ಅವಳು ತಂದು ಕೊಡುತ್ತಿದ್ದಳು, ಅವುಗಳಿಂದ ಬಂತು. ಹಾಗಾಗಿ ಅವಳ ವಿಷಯ ಬರೆಯುವಾಗ ನನಗೆ ಒಂದು ಋಣವೂ ಇದೆ.

ಅವಳ ಕೆಲಸದ ಕೋಣೆಗೆ ಒಂದೇ ಕಿಟಕಿ, ಅದೂ ಕಾಲುದಾರಿಯ ಮಟ್ಟಕ್ಕೆ. ಒಳಗೆ ಕೂತವರಿಗೆ ಹೊರಗಿನವರ ಪಾದಗಳು ಮಾತ್ರ ಕಾಣುತ್ತವೆ. ಕೋಣೆಯಲ್ಲಿ ಒಂದು ಹೊಲಿಗೆ ಚೌಕಟ್ಟು, ದಬ್ಬಣಗಳು, ಅಂಟಿನ ಡಬ್ಬಿ, ರಟ್ಟಿನ ರಾಶಿ, ಗೋಡೆಗೆ ಒರಗಿಸಿದ ಹಸಿರು ಬಟ್ಟೆಯ ಸುರುಳಿಗಳು. ಮೂಲೆಯಲ್ಲಿ ಉದ್ದ ಹಿಡಿಯ ಕತ್ತರಿ ಯಂತ್ರ. ಹಿಡಿಯನ್ನು ಎಳೆದರೆ ಬ್ಲೇಡು ಇಳಿದು ಇನ್ನೂರು ಹಾಳೆಯನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತದೆ. "ಮೂವತ್ತೊಂದು ವರ್ಷ ಬೇರೆಯವರ ಕಾಲು ಹೋಗೋದನ್ನ ನೋಡಿದ್ದೀನಿ" ಎಂದು ಅವಳು ನಗುತ್ತಾ ಹೇಳುತ್ತಿದ್ದಳು. ಆ ನಗೆಯ ಕೆಳಗೆ ಇನ್ನೇನೋ ಇದೆ ಎಂದು ನನಗೆ ಅನ್ನಿಸುತ್ತಿತ್ತು. ಕೇಳಲಿಲ್ಲ. ಹೇಳುವ ಮಾತು ತಾನಾಗಿ ಬರುತ್ತದೆ.

ಬಂತು. ಆ ಕಚೇರಿಗೆ ಪ್ರತಿ ವರ್ಷ ರೈಲಿನ ವೇಳಾಪಟ್ಟಿಗಳೂ ಬರುತ್ತವೆ. ನಮ್ಮ ದೇಶದ್ದು, ಅಕ್ಕಪಕ್ಕದ ದೇಶಗಳದ್ದು, ಎರಡೆರಡು ಪ್ರತಿ. ಒಂದನ್ನು ಹಸಿರು ಬಟ್ಟೆಯಲ್ಲಿ ಕಟ್ಟಿ ಕಪಾಟಿಗೆ ಇಡಬೇಕು, ಇನ್ನೊಂದು ರದ್ದಿಗೆ. ಕಪಾಟಿಗೆ ಹೋದದ್ದನ್ನು ತೆಗೆದು ನೋಡಿದವರು ಇಲ್ಲ. ಆದರೆ ಕಟ್ಟುವವಳು ನೋಡಬೇಕಲ್ಲ! ಪುಟಗಳು ಸಾಲಾಗಿ ಇವೆಯೇ ಎಂದು ಒಂದೊಂದೇ ಹಾಳೆ ಮಗುಚುವಾಗ ಊರುಗಳ ಹೆಸರುಗಳು ಕಣ್ಣಿಗೆ ಬೀಳುತ್ತಿದ್ದವು. ಯಾವ ಊರಿನಿಂದ ಯಾವ ಊರಿಗೆ ಗಾಡಿ, ಎಲ್ಲಿ ಬದಲಿಸಬೇಕು, ಯಾವ ನಿಲ್ದಾಣದಲ್ಲಿ ಎರಡೇ ನಿಮಿಷ ನಿಲ್ಲುತ್ತದೆ, ಇದೆಲ್ಲ ಅವಳಿಗೆ ಬಾಯಿಪಾಠ. ಈಗ ಓಡದ ಗಾಡಿಗಳೂ ಗೊತ್ತು. ಪಕ್ಕದ ಜಿಲ್ಲೆಯ ಆಚೆಗೆ ಮಾತ್ರ ಅವಳು ಒಮ್ಮೆಯೂ ಹೋಗಿರಲಿಲ್ಲ.

"ಮುಂದಿನ ವರ್ಷ ನಿವೃತ್ತಿ" ಎಂದಳು ಒಂದು ಸಂಜೆ, ಲೋಟ ಕೆಳಗಿಟ್ಟು. "ಈ ವರ್ಷದ ರಜೆಯಲ್ಲಿ ರೈಲಲ್ಲಿ ಹೋಗ್ತೀನಿ. ಐದು ದೇಶ. ಒಬ್ಬಳೇ."

"ಒಬ್ಬಳೇನಾ?" ಎಂದೆ.

"ಇಬ್ಬರಾದ್ರೆ ಜೊತೆಯವರಿಗೆ ಬಾತ್‌ರೂಮ್ ಎಲ್ಲಿ ಅಂತ ನಾನೇ ಹುಡುಕಬೇಕಾಗುತ್ತೆ."

ಅವಳ ರಜೆಯ ಕಥೆ ಹೇಳದಿದ್ದರೆ ಈ ಮಾತಿನ ತೂಕ ತಿಳಿಯುವುದಿಲ್ಲ. ಗೋಂದಕ್ಕನಿಗೆ ಒಬ್ಬ ತಮ್ಮ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಅವಳೇ ಎತ್ತಿ ಆಡಿಸಿದವನು. ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕು ಎಂದು ಪಟ್ಟಿ ಮಾಡುವ ಕೆಲಸ. ಅವನ ಹೆಂಡತಿ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾಳೆ. ಅವರಿಗೆ ಅವಳಿ ಹೆಣ್ಣುಮಕ್ಕಳು, ಒಂಬತ್ತು ವರ್ಷದವು. ಆ ಮಕ್ಕಳು ಹುಟ್ಟಿದ ವರ್ಷದಿಂದ ಗೋಂದಕ್ಕನ ವಾರ್ಷಿಕ ರಜೆಯೆಂದರೆ ಮಕ್ಕಳ ಬೇಸಿಗೆ ರಜೆ. ಮೊದಲು ತೊಟ್ಟಿಲು, ಆಮೇಲೆ ಹಲ್ಲು, ಆಮೇಲೆ ಸೈಕಲ್ಲು. ರಜೆ ಅರ್ಜಿಯಲ್ಲಿ ಕಾರಣ ಎಂಬ ಖಾಲಿ ಜಾಗ ಇರುತ್ತದಂತೆ. ಒಂಬತ್ತು ವರ್ಷವೂ ಅವಳು ಅಲ್ಲಿ 'ಕೌಟುಂಬಿಕ' ಎಂದೇ ಬರೆದಿದ್ದಾಳೆ. ಮಕ್ಕಳ ಮೇಲೆ ಅವಳಿಗೆ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಬತ್ತು ವರ್ಷದಲ್ಲಿ ಒಮ್ಮೆಯಾದರೂ ಯಾರಾದರೂ 'ಈ ಸಲ ಆಗುತ್ತಾ?' ಎಂದು ಕೇಳಿರಲಿಲ್ಲ. 'ಹತ್ತನೇ ತಾರೀಕಿಂದ ಅಲ್ವಾ ಅಕ್ಕ?' ಎಂದು ಮಾತ್ರ ಕೇಳುತ್ತಿದ್ದರು.

ಯೋಜನೆಯನ್ನು ಅವಳು ತನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದಳು. ಮೇಲಧಿಕಾರಿಯನ್ನು ಕೇಳಿ, ರದ್ದಿಗೆ ಹೋಗಬೇಕಾಗಿದ್ದ ಈ ವರ್ಷದ ಐದು ವೇಳಾಪಟ್ಟಿಗಳನ್ನು ತೆಗೆದುಕೊಂಡಳು. ಅವುಗಳಿಂದ ತನ್ನ ದಾರಿಗೆ ಬೇಕಾದ ಹಾಳೆಗಳನ್ನಷ್ಟೇ ಬಿಡಿಸಿ, ಹೋಗುವ ಕ್ರಮದಲ್ಲಿ ಜೋಡಿಸಿ, ಊಟದ ವಿರಾಮಗಳಲ್ಲಿ ಕೂತು ಹೊಲಿದಳು. ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಮೂರು ಬದಿ ಕತ್ತರಿಸಿ, ರಟ್ಟು ಕಟ್ಟಿ, ಹಸಿರು ಬಟ್ಟೆ ಹೊದಿಸಿದಳು. ಅಂಗೈಗಿಂತ ಸ್ವಲ್ಪ ದೊಡ್ಡದು. ತೆಗೆದರೆ ಮೊದಲ ಪುಟದಲ್ಲಿ ನಮ್ಮ ನಿಲ್ದಾಣ, ಕೊನೆಯ ಪುಟದಲ್ಲೂ ನಮ್ಮ ನಿಲ್ದಾಣ, ನಡುವೆ ಐದು ದೇಶ.

"ಎಷ್ಟು ಚೆನ್ನಾಗಿದೆ!" ಎಂದೆ ನಾನು ಅಂಚಿನ ಮೇಲೆ ಬೆರಳು ಓಡಿಸಿ. ಗಾಜಿನ ಹಾಗೆ ನುಣುಪಾಗಿತ್ತು.

"ಐದು ದೇಶ, ಐದು ಅಳತೆ ಕಣೇ. ಒಬ್ಬರದ್ದು ಉದ್ದ, ಒಬ್ಬರದ್ದು ಅಗಲ. ಚಿಕ್ಕದಕ್ಕೆ ಸರಿಯಾಗಿ ಎಲ್ಲವನ್ನೂ ಕತ್ತರಿಸಿದೆ. ಈಗ ಒಂದೇ ಮಟ್ಟಕ್ಕೆ ಬಂತು ನೋಡು" ಎಂದಳು. ಆ ಮಾತನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ನನಗದು ಚೆನ್ನಾಗಿ ನೆನಪಿದೆ.

ಆಮೇಲೆ ರಜೆ ಮಂಜೂರಾಯಿತು. ಕಾರಣದ ಜಾಗದಲ್ಲಿ 'ಪ್ರವಾಸ' ಎಂದು ಬರೆದಿದ್ದಳು. ತಾರೀಕು ಗೊತ್ತಾದ ಮೇಲೆ ಕೂತು, ಯಾವ ದಿನ ಯಾವ ಗಾಡಿ ಎಂದು ಪುಟಗಳ ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದು ಎಂದು ಫೋಟೋದವನು ಮೂರು ಸಲ ಹೇಳಿದನಂತೆ.

ತಮ್ಮನಿಗೆ ವಿಷಯ ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ಅವನು ಹೆಂಡತಿ ಮಕ್ಕಳ ಜೊತೆ ಬಂದಿದ್ದ. ಗೋಂದಕ್ಕ ನನ್ನನ್ನೂ ಕರೆದಿದ್ದಳು. ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.

"ಹತ್ತನೇ ತಾರೀಕಿಂದ ಅಲ್ವಾ ಅಕ್ಕ?" ಎಂದ ತಮ್ಮ, ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ.

"ಹತ್ತನೇ ತಾರೀಕೇ. ಆದ್ರೆ ಮಕ್ಕಳಿಗಲ್ಲ. ನಾನು ರೈಲಲ್ಲಿ ಹೋಗ್ತಿದ್ದೀನಿ. ಐದು ದೇಶ, ಮೂರು ವಾರ."

ಬಿಸ್ಕತ್ತು ಲೋಟದೊಳಗೆ ಬಿತ್ತು. ಅವನು ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿದ. "ತಮಾಷೆ ಮಾಡ್ಬೇಡ. ಪಕ್ಕದ ಜಿಲ್ಲೆಗೆ ಮದುವೆಗೆ ಹೋದಾಗ ವಾಂತಿ ಮಾಡ್ಕೊಂಡೋಳು ನೀನು."

"ಅದು ನಿನ್ನ ಡಿಪೋ ಬಸ್ಸು. ರೈಲಿನ ಮೇಲೆ ಹಾಕ್ಬೇಡ."

ಮಕ್ಕಳು ಕಿಸಕ್ಕೆಂದವು. ತಮ್ಮನ ಹೆಂಡತಿ ತುಟಿ ಕಚ್ಚಿಕೊಂಡಳು.

"ಭಾಷೆ?" ಎಂದ ತಮ್ಮ.

"ಹಸಿವಾದ್ರೆ ಬಾಯಿ ತೋರಿಸ್ತೀನಿ. ನಿನಗೆ ಮಾತು ಬರೋಕೆ ಮುಂಚೆ ನಾನು ನಿನ್ನ ಜೊತೆ ಎರಡು ವರ್ಷ ಹಾಗೇ ಕಳೆದಿದ್ದೀನಿ."

"ದಾರಿ ತಪ್ಪಿದ್ರೆ?"

ಅವಳು ಒಳಗೆ ಹೋಗಿ ಹಸಿರು ಪುಸ್ತಕ ತಂದು ಅವನ ಮುಂದೆ ಇಟ್ಟಳು. ಅವನು ತೆಗೆದು ನೋಡಿದ. ವೇಳಾಪಟ್ಟಿ ಎಂದರೆ ಅವನ ಹೊಟ್ಟೆಪಾಡು; ಕಣ್ಣು ತಾನಾಗಿ ಸಾಲಿನ ಮೇಲೆ ಓಡಿತು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದಿದ್ದೀಯ. ಹದಿನೇಳು ಗಾಡಿ ಬದಲಿಸ್ಬೇಕು. ಇದರಲ್ಲಿ ಒಂದು ತಪ್ಪಿದ್ರೂ ನೀನು ಯಾವುದೋ ಹಾಳು ಸ್ಟೇಷನ್ನಲ್ಲಿ ಕೂತು ನನಗೆ ಫೋನ್ ಮಾಡ್ತೀಯ. ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋದು. ತಪ್ಪಿಲ್ಲದ ಪಟ್ಟಿ ನಾನು ಇವತ್ತಿಗೂ ನೋಡಿಲ್ಲ."

"ಇದರಲ್ಲಿ ಇಲ್ಲ."

"ಇದ್ರೆ?"

"ಇದ್ರೆ ಹೋಗಲ್ಲ. ಎಂದಿನ ಹಾಗೆ ಮಕ್ಕಳನ್ನ ನೋಡ್ಕೋತೀನಿ."

"ಮಾತು?"

"ಮಾತು. ಮೇಲ್ಮನೆಯವಳೇ ಸಾಕ್ಷಿ" ಎಂದು ನನ್ನ ಕಡೆ ಕೈ ತೋರಿಸಿದಳು.

ಅವಳ ಕೆಲಸದ ಮೇಲೆ ಅವಳಿಗೆ ಅಷ್ಟು ನಂಬಿಕೆ. ಮೂವತ್ತೊಂದು ವರ್ಷದಲ್ಲಿ ಒಂದು ಹಾಳೆ ಹಿಂದುಮುಂದಾಗಿ ಕಟ್ಟಿದವಳಲ್ಲ. ತಪ್ಪು ಹುಡುಕಲೆಂದು ಅವನು ಪುಸ್ತಕವನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹೋದ. ಆ ವಾರವಿಡೀ ಅವಳು ಗುನುಗುತ್ತಾ ಮೆಟ್ಟಿಲು ಇಳಿಯುತ್ತಿದ್ದಳು. ನಾನು ಬೆಳಗಿನ ಪ್ರಾರ್ಥನೆಯಲ್ಲಿ ಅವಳ ಹೆಸರನ್ನೂ ಸೇರಿಸಿದೆ. ಗೆಲ್ಲಲಿ ಎಂದು ಕೇಳಲಿಲ್ಲ, ಹೋಗಲಿ ಎಂದು ಕೇಳಿದೆ. ಎರಡೂ ಒಂದೇ ಎಂದುಕೊಂಡಿದ್ದೆ.

ಮುಂದಿನ ಭಾನುವಾರವೂ ನಾನು ಅಲ್ಲಿದ್ದೆ. ಹೆಂಡತಿ ಮಕ್ಕಳ ಜೊತೆ ಬಂದ ತಮ್ಮ ಕೂರಲೂ ಇಲ್ಲ. ಪುಸ್ತಕವನ್ನು ನಡುವಿನಲ್ಲಿ ತೆರೆದು ಮೇಜಿನ ಮೇಲೆ ಇಟ್ಟ.

"ಹನ್ನೊಂದನೇ ದಿನ ಯಾವ ವಾರ ಅಕ್ಕ?"

"ಭಾನುವಾರ."

"ಮೂರನೇ ದೇಶ, ಬೆಟ್ಟದ ಸಣ್ಣ ಊರು, ಬೆಳಿಗ್ಗೆ ಏಳು ಹದಿನೈದರ ಗಾಡಿ. ಹತ್ತಿ ತೋರಿಸು ನೋಡೋಣ."

"ಯಾಕೆ?"

"ಭಾನುವಾರ ಆ ಗಾಡಿ ಇಲ್ಲ. ಇಡೀ ದಿನ ಆ ಊರಿಂದ ಯಾವ ಗಾಡಿಯೂ ಇಲ್ಲ. ಫೋನಲ್ಲಿ ನೋಡು."

ಅವಳು ಫೋನು ನೋಡಲಿಲ್ಲ, ಪುಟವನ್ನು ನೋಡಿದಳು. "ಇಲ್ಲಿ ಅಂಥ ಗುರುತೇ ಇಲ್ಲವಲ್ಲ?"

"ಅದಕ್ಕೇ ನನಗೆ ಅನುಮಾನ ಬಂದಿದ್ದು. ಬೇರೆ ನಾಲ್ಕು ದೇಶದ ಪುಟದಲ್ಲಿ ವಾರದ ಗುರುತು ಗಾಡಿ ನಂಬರಿನ ಪಕ್ಕ ಇದೆ. ಈ ದೇಶದ್ದರಲ್ಲಿ ಎಲ್ಲೂ ಇಲ್ಲ. ವಾರದ ಗುರುತಿಲ್ಲದ ಪಟ್ಟಿ ಪ್ರಪಂಚದಲ್ಲೇ ಇಲ್ಲ ಅಕ್ಕ. ಎಲ್ಲಿ ಹೋಯ್ತು?"

ಗೋಂದಕ್ಕ ಪುಟದ ಹೊರ ಅಂಚಿನ ಮೇಲೆ ಹೆಬ್ಬೆರಳು ಇಟ್ಟಳು. ನುಣುಪಾದ, ನೇರವಾದ ಅಂಚು. ಆ ದೇಶದವರ ಹಾಳೆ ಎಲ್ಲಕ್ಕಿಂತ ಅಗಲ. ಅವರು ವಾರದ ಗುರುತುಗಳನ್ನು ಬಲತುದಿಯ ಸಣ್ಣ ಸಾಲಿನಲ್ಲಿ ಅಚ್ಚು ಹಾಕುತ್ತಾರೆ. ಐದನ್ನೂ ಒಂದೇ ಮಟ್ಟಕ್ಕೆ ತರುವಾಗ ಬ್ಲೇಡು ಆ ಸಾಲನ್ನು ತೆಗೆದುಕೊಂಡು ಹೋಗಿತ್ತು. ಕತ್ತರಿಸುವ ದಿನ ಅವಳಿಗೆ ತಾರೀಕೇ ಗೊತ್ತಿರಲಿಲ್ಲ. ವಾರ ಯಾವುದೆಂದು ನೋಡುವ ಯೋಚನೆ ಬಂದಿರಲಿಲ್ಲ. ತಾರೀಕು ಗೊತ್ತಾದ ದಿನ ನೋಡಲು ಗುರುತು ಉಳಿದಿರಲಿಲ್ಲ. ಬೇರೆ ಯಾರಾದರೂ ಹಾಳೆಗಳನ್ನು ಹೇಗೆಂದರೆ ಹಾಗೆ ಮಡಚಿ ಚೀಲಕ್ಕೆ ತುರುಕಿಕೊಂಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅಚ್ಚುಕಟ್ಟು ಮಾಡಲು ಹೋದದ್ದರಿಂದಲೇ ಆಯಿತು.

"ನಾನೇ ಕತ್ತರಿಸಿಬಿಟ್ಟೆ" ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ..."

"ನೆಲ ಡೊಂಕು ಅಂತ ನಾನು ಅಂದ್ನಾ? ನಾನೇ ಕತ್ತರಿಸಿದೆ ಅಂದೆ. ತಪ್ಪು ನನ್ನದು."

ತಮ್ಮನ ದನಿ ಮೃದುವಾಯಿತು. ಗೆದ್ದವರ ದನಿ ಹಾಗೇ ಆಗುತ್ತದೆ. "ಹೋಗ್ಲಿ ಬಿಡು. ನಿನಗೆ ಗೊತ್ತಾಗ್ಲಿ ಅಂತ ಹೇಳಿದೆ ಅಷ್ಟೇ. ಹತ್ತನೇ ತಾರೀಕು ಬೆಳಿಗ್ಗೆ ಮಕ್ಕಳನ್ನ ಬಿಟ್ಟು ಹೋಗ್ತೀವಿ."

ಗೋಂದಕ್ಕ ಪುಸ್ತಕ ಮುಚ್ಚಿದಳು. ಅದನ್ನು ಎದೆಗೆ ಒತ್ತಿಕೊಂಡು ನಿಂತಳು. "ಬಿಡ್ಬೇಡ" ಎಂದಳು.

"ಏನು?"

"ಮಕ್ಕಳನ್ನ ಇಲ್ಲಿ ಬಿಡ್ಬೇಡ. ನಾನು ಇರಲ್ಲ."

ಅವನು ನನ್ನ ಕಡೆ ತಿರುಗಿದ. "ಮೇಲ್ಮನೆ ಅಕ್ಕ, ನೀವು ದೇವರು ದಿಂಡರು ಅನ್ನೋರು, ನೀವೇ ಹೇಳಿ. ಇವಳು ಮಾತು ಕೊಟ್ಟಿದ್ದು ಹೌದೋ ಅಲ್ವೋ?"

ಸುಳ್ಳು ಸಾಕ್ಷಿ ಹೇಳುವ ನಾಲಿಗೆ ನನಗಿಲ್ಲ. ಆ ಕ್ಷಣ ಇದ್ದಿದ್ದರೆ ಎನ್ನಿಸಿತು. "ಹೌದು, ಕೊಟ್ಟಿದ್ದಳು" ಎಂದೆ.

"ಕೇಳಿದ್ಯಾ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಚಿಕ್ಕವನಿದ್ದಾಗ ನನಗೆ ಹೇಳಿಕೊಟ್ಟವಳು ನೀನೇ."

"ಕೊಟ್ಟಿದ್ದು ಹೌದು" ಎಂದಳು ಗೋಂದಕ್ಕ. ಅವಳ ದನಿ ಏರಲಿಲ್ಲ. "ಈಗ ವಾಪಸ್ ತಗೋತಿದ್ದೀನಿ. ಇವಳ ಎದುರಿಗೇ ಕೊಟ್ಟೆ, ಇವಳ ಎದುರಿಗೇ ತಗೋತಿದ್ದೀನಿ. ಮಾತಿಗೆ ತಪ್ಪಿದವಳು ಅಂತ ಬೀದಿಯಲ್ಲೆಲ್ಲ ಹೇಳು. ನಿಜಾನೇ ತಾನೇ? ಹೇಳು."

"ಮಕ್ಕಳನ್ನ ಯಾರು ನೋಡ್ಕೋತಾರೆ?"

"ನಿನಗೆ ರಜೆ ಇಲ್ವಾ?"

"ನನಗೆ ರಜೆ ಸಿಗಲ್ಲ ಅಂತ ನಿನಗೆ ಗೊತ್ತಲ್ವಾ?"

ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನಿದ್ದ ಅವನ ಹೆಂಡತಿ ಆಗ ಬಾಯಿ ತೆರೆದಳು. "ಯಾವಾಗ ಕೇಳಿದ್ರಿ?" ಎಂದಳು.

"ಏನು?"

"ರಜೆ ಸಿಗಲ್ಲ ಅಂತಿದ್ದೀರಲ್ಲ. ಯಾವ ವರ್ಷ ಅರ್ಜಿ ಹಾಕಿದ್ರಿ? ಸುಮ್ನೆ ತಿಳ್ಕೊಳೋಣ ಅಂತ ಕೇಳ್ದೆ."

ಅವನು ಬಾಗಿಲು ತೆರೆದು ಹೊರಗೆ ನಡೆದ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ, ಅಪ್ಪನ ಹಿಂದೆ ಹೋದವು. ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅತ್ತಿಗೆ, ಹೊರಡೋ ದಿನ ಎಷ್ಟು ಗಂಟೆಗೆ ಅಂತ ನನಗೊಂದು ಮೆಸೇಜ್ ಹಾಕಿ" ಎಂದಳು.

ಆ ವಾರ ಗೋಂದಕ್ಕ ಮೆಟ್ಟಿಲ ಮೇಲೆ ಕೂರಲಿಲ್ಲ. ನಾನು ಎರಡು ಲೋಟ ಹಿಡಿದು ಎರಡು ದಿನ ಕಾದೆ, ಮೂರನೇ ದಿನದಿಂದ ಒಂದೇ ಲೋಟ ಮಾಡಿಕೊಂಡೆ. ಸಾಕ್ಷಿ ಹೇಳಿದ್ದಕ್ಕೆ ಮುನಿದಿದ್ದಾಳೆ ಎಂದುಕೊಂಡೆ. ಶನಿವಾರ ಮಧ್ಯಾಹ್ನ ಬಾಗಿಲು ಬಡಿಯಿತು. "ಬಾ, ಕಚೇರಿಗೆ ಹೋಗೋಣ. ನಾಲ್ಕು ಕಣ್ಣು ಬೇಕು" ಎಂದಳು.

ನಾನು ಆ ನೆಲಮಾಳಿಗೆಯನ್ನು ನೋಡಿದ್ದು ಅವತ್ತೇ ಮೊದಲು. ಅರ್ಧ ದಿನದ ಕಚೇರಿ ಮುಗಿದು ಎಲ್ಲರೂ ಹೋಗಿದ್ದರು. ಕತ್ತರಿ ಯಂತ್ರದ ಹಿಂದೆ ನಾಲ್ಕು ಗೋಣಿಚೀಲಗಳು. ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳನ್ನು ಅವುಗಳಲ್ಲಿ ತುಂಬಿಡುತ್ತಾರೆ. ರದ್ದಿಯವನು ಮೂರು ತಿಂಗಳಿಗೊಮ್ಮೆ ಬಂದು ಒಯ್ಯುತ್ತಾನೆ. ಅವನು ಇನ್ನೂ ಬಂದಿರಲಿಲ್ಲ. ಗೋಂದಕ್ಕ ಒಂದು ಚೀಲವನ್ನು ನೆಲದ ಮೇಲೆ ಸುರಿದಳು. ಬಿಳಿ, ಹಳದಿ, ಬೂದು ಪಟ್ಟಿಗಳ ಗುಡ್ಡೆ.

"ತಿಳಿ ಹಳದಿ ಕಾಗದ, ಬೆರಳಗಲ, ಸಣ್ಣ ಸಣ್ಣ ಶಿಲುಬೆ ಹಾಗೆ ಗುರುತು ಇರುತ್ತೆ. ಅದನ್ನ ಹುಡುಕು."

"ಫೋನಲ್ಲಿ ನೋಡಬಹುದಲ್ಲ?" ಎಂದೆ.

"ನೋಡಾಯ್ತು. ಇನ್ನೂ ಎರಡು ಗಾಡಿ ಹಾಗೇ ಇವೆ, ಅದನ್ನೂ ಸರಿಮಾಡ್ಕೊಂಡೆ. ಆದ್ರೆ ಇದು ನಾನು ಕತ್ತರಿಸಿದ್ದು. ನಾನೇ ಅಂಟಿಸ್ಬೇಕು."

ನಾವು ಎದುರುಬದುರು ಕೂತು ಹುಡುಕಿದೆವು. ಕಿಟಕಿಯಲ್ಲಿ ಪಾದಗಳು ಹೋಗುತ್ತಿದ್ದವು. ಬಹಳ ಹೊತ್ತಾದ ಮೇಲೆ ಅವಳು ತಲೆ ಎತ್ತದೆಯೇ ಕೇಳಿದಳು. "ನೀನು ಏನಂತೀಯ? ನಾನು ಮಾಡಿದ್ದು ಪಾಪಾನಾ?"

"ಮಾತು ಮಾತೇ" ಎಂದೆ. ಅವಳಿಗೆ ಹಿತವಾಗಲೆಂದು ಬೇರೆ ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಹಿತಕ್ಕಲ್ಲ.

"ಹಂಗಾದ್ರೆ ಹೋಗಬಾರದು ಅಂತೀಯ."

"ಹಾಗೂ ಅನ್ನಲ್ಲ."

"ಎರಡೂ ಅನ್ನದೇ ಇರೋಳು ಸಾಕ್ಷಿಗೆ ಯಾಕೆ ಕೂತೆ?"

"ಕೂರಿಸಿದವಳು ನೀನು" ಎಂದೆ.

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು; ಕಾಗದದ ಧೂಳು ಇದ್ದಿರಬಹುದು. "ಈ ವಾರವೆಲ್ಲ ಅದನ್ನೇ ಯೋಚನೆ ಮಾಡ್ದೆ ಕಣೇ" ಎಂದಳು. "ನಾನು ಮಾಡಿದ ತಪ್ಪು ಕತ್ತರಿಸಿದ್ದಲ್ಲ. ಆ ಮಾತು ಕೊಟ್ಟಿದ್ದು. ನನ್ನ ರಜೆ, ನನ್ನ ಹೆಸರಲ್ಲಿ ಮಂಜೂರಾದದ್ದು. ಅದನ್ನ ತಗೊಂಡು ಹೋಗಿ ಅವನ ಮುಂದೆ ಪಣಕ್ಕಿಟ್ಟೆ. ನನ್ನದನ್ನ ನಾನೇ ಗೆಲ್ಲಬೇಕಾಗಿತ್ತಾ? ತಪ್ಪೇ ಮಾಡದವಳಿಗೆ ಮಾತ್ರ ರೈಲು ಹತ್ತೋ ಹಕ್ಕಾ? ಪ್ರಪಂಚದಲ್ಲಿ ಹತ್ತಿದವರೆಲ್ಲ ತಪ್ಪಿಲ್ಲದವರಾ? ಒಂದು ಹಾಳೆ ತಪ್ಪಾದ್ರೆ ತಿದ್ದುಪಡಿ ಚೀಟಿ ಅಂಟಿಸ್ತೀವಿ, ಪುಸ್ತಕ ಒಲೆಗೆ ಹಾಕಲ್ಲ."

ಕೊಟ್ಟ ಮಾತಿಗೆ ತಪ್ಪುವುದು ಸರಿ ಎಂದು ನನಗೆ ಇಂದಿಗೂ ಅನ್ನಿಸಿಲ್ಲ. ಅವಳು ಹೋಗಬಾರದಿತ್ತು ಎಂದೂ ಅನ್ನಿಸಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ನನಗೆ ಕಷ್ಟವಾಗಿಲ್ಲ, ದೇವರಿಗಂತೂ ಆಗಲಾರದು.

ಎರಡನೇ ಚೀಲದ ತಳದಲ್ಲಿ ಪಟ್ಟಿಗಳು ಸಿಕ್ಕವು. ಒಟ್ಟಿಗೆ ಕತ್ತರಿಸಿದ್ದರಿಂದ ಒಟ್ಟಿಗೇ ಸುರುಳಿಯಾಗಿ ಬಿದ್ದಿದ್ದವು, ಆರು. ಅವಳು ಅವುಗಳನ್ನು ಒದ್ದೆ ಬಟ್ಟೆಯಿಂದ ಒತ್ತಿ ನೇರ ಮಾಡಿದಳು. ತುದಿಗೆ ಕೂದಲಗಲ ಅಂಟು ಹಚ್ಚಿ, ಒಂದೊಂದನ್ನೂ ಅದರ ಪುಟಕ್ಕೇ ಸೇರಿಸಿದಳು. ಈಗ ಆ ಆರು ಪುಟಗಳು ರಟ್ಟಿನಿಂದ ಹೊರಗೆ ಚಾಚಿಕೊಂಡವು. ಅವುಗಳನ್ನು ಒಳಕ್ಕೆ ಮಡಚಿ ಪುಸ್ತಕ ಮುಚ್ಚಿದರೆ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತಿತ್ತು. ನೇರವಾಗಿದ್ದ ಅಂಚು ಹೋಯಿತು.

"ಅಂದ ಕೆಟ್ಟಿತಲ್ಲೇ" ಎಂದೆ.

"ಕೆಡ್ಲಿ" ಎಂದಳು. "ಅಂದವಾಗಿದ್ದಾಗ ಸುಳ್ಳು ಹೇಳ್ತಿತ್ತು."

ಆಮೇಲೆ ಪೆನ್ಸಿಲು ತೆಗೆದುಕೊಂಡು ಹನ್ನೊಂದನೇ ದಿನದ ಗುರುತನ್ನು ಅಳಿಸಿದಳು. ಒಂದು ದಿನ ಮೊದಲೇ ಆ ಊರನ್ನು ದಾಟಿಬಿಡಬಹುದು, ದಾರಿ ಇದೆ ಎಂದು ತೋರಿಸಿದಳು. "ಆದ್ರೆ ದಾಟಲ್ಲ. ಅವನು ಏನಂದ? ಯಾವುದೋ ಹಾಳು ಸ್ಟೇಷನ್ನಲ್ಲಿ ಕೂತು ಫೋನ್ ಮಾಡ್ತೀಯ ಅಂದ. ಶನಿವಾರ ಅಲ್ಲಿ ಇಳೀತೀನಿ. ಭಾನುವಾರವಿಡೀ ಅಲ್ಲೇ ಕೂತ್ಕೋತೀನಿ. ಸೋಮವಾರ ಹೊರಡ್ತೀನಿ. ಕೊನೆಯ ದೊಡ್ಡ ಊರಲ್ಲಿ ಒಂದು ದಿನ ಕಡಿಮೆ ಮಾಡ್ಕೊಂಡ್ರಾಯ್ತು. ಫೋನ್ ಮಾತ್ರ ಮಾಡಲ್ಲ."

ಹತ್ತನೇ ತಾರೀಕು ಬೆಳಿಗ್ಗೆ ನಿಲ್ದಾಣಕ್ಕೆ ನಾನು ಹೋಗಿದ್ದೆ. ಅವಳ ಬಳಿ ಚಕ್ರದ ಪೆಟ್ಟಿಗೆ ಒಂದು, ಹೆಗಲಿಗೆ ಚೀಲ ಒಂದು, ಚೀಲದ ಹೊರಜೇಬಿನಲ್ಲಿ ಉಬ್ಬಿದ ಹಸಿರು ಪುಸ್ತಕ. ತಮ್ಮನ ಹೆಂಡತಿ ಅಂಗಡಿಯ ಸಮವಸ್ತ್ರದಲ್ಲೇ ಓಡುತ್ತಾ ಬಂದಳು, ಎರಡೂ ಮಕ್ಕಳ ಜೊತೆ. ತಮ್ಮ ಬಂದಿರಲಿಲ್ಲ.

"ಮನೇಲೇ ಇದ್ದಾರೆ. ರಜೆ ಹಾಕಿದ್ದಾರೆ, ಅರ್ಜಿ ಕೊಟ್ಟ ದಿನವೇ ಸಿಕ್ತಂತೆ" ಎಂದಳು, ನಗು ತಡೆದುಕೊಂಡು. "ಮಾತಾಡ್ತಿಲ್ಲ. ಮಕ್ಕಳಿಗೆ ವೇಳಾಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದ್ದಾರೆ."

"ಏಳು ಹತ್ತಕ್ಕೆ ಹಲ್ಲು, ಏಳು ಇಪ್ಪತ್ತಕ್ಕೆ ಸ್ನಾನ" ಎಂದಿತು ಒಂದು ಮಗು.

"ಎರಡೂ ಒಂದೇ ಬಾತ್‌ರೂಮ್. ಇವಳು ತಡ ಮಾಡಿದ್ರೆ ನನ್ನದೂ ತಡ" ಎಂದಿತು ಇನ್ನೊಂದು.

"ಅತ್ತೆ, ನೀನು ವಾಪಸ್ ಬರ್ತೀಯಾ?" ಎಂದಿತು ಮೊದಲನೆಯದು.

"ಕೊನೆಯ ಪುಟದಲ್ಲಿ ಏನಿದೆ ಓದು" ಎಂದು ಗೋಂದಕ್ಕ ಪುಸ್ತಕ ತೆಗೆದು ತೋರಿಸಿದಳು. ಮಗು ನಮ್ಮ ನಿಲ್ದಾಣದ ಹೆಸರನ್ನು ಜೋರಾಗಿ ಓದಿತು.

ಗಾಡಿ ಬಂತು. ಬಾಗಿಲಲ್ಲಿ ನಿಂತಿದ್ದ ಟಿಕೆಟ್ ಪರೀಕ್ಷಕ ಪುಸ್ತಕವನ್ನು ನೋಡಿ, "ಇದೆಲ್ಲ ಈಗ ಫೋನಲ್ಲೇ ಇರುತ್ತಲ್ಲಮ್ಮ" ಎಂದ.

"ಇರ್ಲಿ. ಫೋನಲ್ಲೂ ಇರ್ಲಿ" ಎಂದು ಅವಳು ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಗಾಡಿ ಹೊರಟಾಗ ಕೈ ಬೀಸಲಿಲ್ಲ. ಆಗಲೇ ಮುಂದಕ್ಕೆ ನೋಡುತ್ತಿದ್ದಳು.

ಹದಿನೇಳು ದಿನ ಕಳೆದ ಮೇಲೆ ನನ್ನ ಅಂಚೆ ಪೆಟ್ಟಿಗೆಗೆ ಒಂದು ಕಾರ್ಡು ಬಂತು. ಮುಂಬದಿಯಲ್ಲಿ ಬೆಟ್ಟದ ಚಿತ್ರ, ಸ್ವಲ್ಪ ಮಬ್ಬು. ಹಿಂಬದಿಯಲ್ಲಿ ಅವಳ ದುಂಡು ಅಕ್ಷರ:

'ಇವತ್ತು ಭಾನುವಾರ. ಈ ಊರಿಂದ ಇವತ್ತು ಯಾವ ಗಾಡಿಯೂ ಇಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೀನಿ. ಬೆಳಿಗ್ಗೆಯಿಂದ ಮೂರು ಜನ ಬಂದು ಇವತ್ತು ರೈಲಿಲ್ಲ ಅಂತ ಕೈಸನ್ನೆ ಮಾಡಿ ಹೇಳಿ ಹೋದರು. ಗೊತ್ತು ಅಂತ ನಾನೂ ಕೈಸನ್ನೆ ಮಾಡಿದೆ. ತಮ್ಮನಿಗೆ ಓದಿ ಹೇಳು.'

ಹೇಳಿದ ಕೆಲಸ ಮಾಡಬೇಕಲ್ಲ. ತಮ್ಮನಿಗೆ ಫೋನು ಮಾಡಿದೆ. ಹಿಂದೆ ಮಕ್ಕಳ ಕಿರುಚಾಟ, ಏನೋ ಬಿದ್ದ ಸದ್ದು. ಕಾರ್ಡನ್ನು ಪೂರ್ತಿ ಓದಿದೆ, ಒಂದಕ್ಷರ ಬಿಡದೆ.

"ಕೇಳಿಸ್ತಾ?" ಎಂದೆ.

"ಕೇಳಿಸ್ತು" ಎಂದ. ಆಮೇಲೆ, ಡಿಪೋದಲ್ಲಿ ಬಸ್ಸಿನ ವಿಷಯ ಹೇಳುವ ದನಿಯಲ್ಲಿ, "ಆ ಸೋಮವಾರ ಏಳು ಹದಿನೈದರ ಗಾಡಿ ನಾಲ್ಕು ನಿಮಿಷ ತಡವಾಗಿ ಹೊರಡ್ತು, ಅವತ್ತೇ ಫೋನಲ್ಲಿ ನೋಡಿದ್ದೆ. ಮುಂದಿನ ಗಾಡಿ ಸಿಕ್ಕಿರುತ್ತೆ" ಎಂದ.